ಹೊಳೆ ದಂಡೆಗೆ ಹೋದ ಮೆಣಸಿನಕಾಯಿ ಚೀಲ

"ಇದು ಆಗೂ ಮಾತಲ್ಲ" ಎಂದವನು ನಮ್ಮ ದೊಡ್ಡಪ್ಪ. ಓಣಿಯವರು ಯಾರಾದರೂ ಅಂದಿದ್ದರೆ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅಲ್ಲಿಂದ ಮುಂದೆ ನಮ್ಮ ಮನೆಗೆ ಜೋಳ ತಂದು ಹಾಕಿದವನು ದೊಡ್ಡಪ್ಪ. ನಮ್ಮ ಮನೆತನದಲ್ಲಿ ಗಂಡಸರೇ ಹತ್ತನೆಯ ಇಯತ್ತೆ ದಾಟಿರಲಿಲ್ಲ. ಅಂಥದರಲ್ಲಿ ನನ್ನನ್ನು ಬ್ಯಾಡಗಿಯಿಂದ ಹಾವೇರಿಯ ಕಾಲೇಜಿಗೆ ಬಸ್ಸು ಹತ್ತಿಸಿದವನೂ ಅವನೇ. ಅವನ ಮಾತು ದಾಟುವ ಹಾಗಿರಲಿಲ್ಲ.

ಅವನಿಗೆ ನನ್ನ ಓದಿನ ಬಗ್ಗೆ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ನನ್ನ ಬಾಯಿಯ ಬಗ್ಗೆ.

ತೊಂಬತ್ತರ ದಶಕದ ನಡುವಿನ ಮಾತಿದು; ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಆ ವರ್ಷ ನಮ್ಮ ಇತಿಹಾಸದ ಸರ್ ಒಂದು ಸರ್ಟಿಫಿಕೇಟ್ ಕೋರ್ಸು ಶುರು ಮಾಡಿದರು. ಪ್ರವಾಸಕ್ಕೆ ಬಂದವರನ್ನು ಹಳೆಯ ಗುಡಿಗಳಿಗೆ ಕರೆದೊಯ್ದು ವಿವರಿಸಿ ಹೇಳುವ ಗೈಡ್ ಕೆಲಸದ ತರಬೇತಿ. ಶನಿವಾರ ಮಧ್ಯಾಹ್ನ ಪಾಠ. ಕೊನೆಗೆ ಬರೆಯುವ ಪರೀಕ್ಷೆ ಇಲ್ಲ. ಹೊರಗಿನಿಂದ ಬಂದ ಒಂದು ಗುಂಪನ್ನು ಬೆಳಗಿನಿಂದ ಸಂಜೆಯವರೆಗೆ ತಿರುಗಾಡಿಸಬೇಕು, ಸರ್ ಹಿಂದೆ ನಿಂತು ನೋಡುತ್ತಾರೆ. ನನ್ನ ಪಾಲಿಗೆ ಬಂದದ್ದು ಮೈಸೂರಿನ ಕಡೆಯ ಶಿಕ್ಷಕರ ಗುಂಪು. ತುಂಗಭದ್ರೆಯ ದಂಡೆಯ ಚೌಡದಾನಪುರ ಮತ್ತು ಗಳಗನಾಥದ ಗುಡಿಗಳನ್ನು ತೋರಿಸಬೇಕು, ನಡುವೆ ಹೊಳೆಯ ಮಡುವಿನಲ್ಲಿ ಅವರು ಈಜಬೇಕು, ಸಂಜೆ ರಾಣೇಬೆನ್ನೂರಿನಲ್ಲಿ ಅವರನ್ನು ರೈಲು ಹತ್ತಿಸಬೇಕು.

ಇದನ್ನು ಹೇಳಿದಾಗ ದೊಡ್ಡಪ್ಪ ಊಟ ಮಾಡುತ್ತಿದ್ದವನು ಕೈ ನಿಲ್ಲಿಸಿದ.

"ಮಂದೀ ಮುಂದ ನಿಂತು ಮಾತಾಡಾಕಿ ಇಕಿ? ಮನ್ಯಾಗ ನೀರು ಕೇಳಿದ್ರ ಬಾಜೂಕ ಕುಂತಾವ್ರಿಗೆ ಕೇಳಸೂದಿಲ್ಲ!"

"ಕಲತಾಳ ಬಿಡ್ರಿ, ಭಾವಾರ" ಎಂದಳು ಅವ್ವ, ಒಲೆಯ ಕಡೆ ಮುಖ ಮಾಡಿಕೊಂಡು.

"ಕಲಿಯೂದಲ್ಲವ್ವಾ ಅದು. ಬಾಯಿಗೆ ಬಟ್ಟಿ ಕಟ್ಕೊಂಡು ಬೆಳದಾಕಿ. ಆಗೂ ಮಾತಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಸುಗ್ಗಿಯಲ್ಲಿ ನಾನೂ ಶಾಲೆ ಬಿಟ್ಟ ಮೇಲೆ ಅವಳ ಮಗ್ಗುಲಿಗೆ ಕೂಡುತ್ತಿದ್ದೆ. ಕೆಂಪು ರಾಶಿಯ ಸುತ್ತ ಹೆಂಗಸರ ಸಾಲು, ಎಲ್ಲರ ಮೂಗು-ಬಾಯಿಗೂ ಸೆರಗು. ಅಲ್ಲಿ ಮಾತಿಗೆ ಬಾಯಿ ತೆರೆದರೆ ಕೆಮ್ಮು. ಬುಟ್ಟಿ ಬೇಕೆಂದರೆ ಗದ್ದ ಎತ್ತುವುದು, ನೀರು ಬೇಕೆಂದರೆ ಹೆಬ್ಬೆರಳು ತೋರಿಸುವುದು. ನಾನು ಬೆಳೆದದ್ದು ಹಾಗೆ. ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ಗೆಳತಿಯರು ನನ್ನ ಪರವಾಗಿ "ಅದಾಳ್ರಿ ಸರ್" ಎನ್ನುತ್ತಿದ್ದರು.

ಕೊನೆಗೆ ದೊಡ್ಡಪ್ಪ ಒಪ್ಪಿದ. ಆದರೆ ಒಂದು ಕರಾರು ಹಾಕಿದ.

"ನಾನೂ ಬರ್ತೇನಿ. ಹೊರಗಿನ ಮಂದಿ ಜೋಡಿ ದಿನಪೂರ್ತಿ ಅಡ್ಡಾಡಾಕಿ, ಒಬ್ಬಾಕಿನ್ನ ಹೆಂಗ ಬಿಡ್ಲಿ? ಅವತ್ತ ಯಾರರೆ ಒಂದು ಮಾತು ಅಂದ್ರ ಕಾಲೇಜು ಅಲ್ಲಿಗೆ ಮುಗೀತು. ಪರೀಕ್ಷಾಕ್ಕೂ ಕುಂದ್ರೂದು ಬ್ಯಾಡ. ಒಪ್ಪಿಗಿ ಐತೇನು?"

ನಾನು ತಲೆ ಅಲ್ಲಾಡಿಸಿದೆ.

"ನೋಡು, ಈಗೂ ಬಾಯಿ ಬಿಡಲಿಲ್ಲ" ಎಂದ.

ಅಂದರೆ ಸರ್ಟಿಫಿಕೇಟಿನ ಜೊತೆಗೆ ಬಿ.ಎ.ಯೂ ಆ ಒಂದು ದಿನಕ್ಕೆ ತೂಗುಬಿದ್ದಿತು. ಮೂರು ವರ್ಷ ಬಸ್ಸಿನಲ್ಲಿ ನಿಂತು ಹೋಗಿ ಬಂದ ಓದು. ಊರ ಹೊರಗಿನ ಖಾಲಿ ಹೊಲದಲ್ಲಿ ನಿಂತು ಚಾಲುಕ್ಯರ ಬಗ್ಗೆ ಬದುವಿನ ಜಾಲಿ ಗಿಡಕ್ಕೆ ಹೇಳಿ ಹೇಳಿ ರೂಢಿ ಮಾಡಿದೆ. ಅವ್ವ ಒಮ್ಮೆ ಬಂದು ಬದುವಿನ ಮೇಲೆ ಕುಳಿತು ಕೇಳಿದಳು. "ಭಾಳ ಚೊಲೋ ಹೇಳ್ತಿ ಅನಸ್ತೈತಿ, ಆದ್ರ ಇಲ್ಲೀ ಮಟ ಬರವಲ್ದು" ಎಂದಳು.

ಆ ದಿನ ನಸುಕಿನ ಬಸ್ಸಿಗೆ ಹೊರಟೆವು. ದೊಡ್ಡಪ್ಪ ಒಗೆದ ಧೋತರ ಉಟ್ಟು, ಮದುವೆಗೆ ಸುತ್ತುವ ರುಮಾಲು ಸುತ್ತಿದ್ದ. ಬಗಲಲ್ಲಿ ಒಂದು ಮಡಚಿದ ಗೋಣಿಚೀಲ.

ಚೀಲದ ಬಗ್ಗೆ ಇಲ್ಲಿ ಹೇಳಬೇಕು. ದೊಡ್ಡಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತುಂಬಿದ ಚೀಲದ ಬಾಯಿ ಹೊಲಿಯುವವನು. ದಬ್ಬಣ ಹಿಡಿದರೆ ಅವನ ಕೈ ಕಾಣುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕೂಡುವುದು ಚೀಲದ ಮೇಲೆ, ಬಚ್ಚಲಿಗೆ ಮರೆ ಚೀಲದ್ದು, ನನ್ನ ಮೊದಲ ಪಾಟೀಚೀಲ ಕೂಡ ಅವನು ಗೋಣಿಯಿಂದ ಹೊಲಿದುಕೊಟ್ಟದ್ದು. ಎಲ್ಲಿಗೆ ಹೊರಟರೂ ಒಂದು ಚೀಲ ಅವನ ಜೊತೆಗೆ. ಮಂದಿ ಎಂದ ಮೇಲೆ ಸಾಮಾನು ಇರುತ್ತದೆ, ಸಾಮಾನು ಎಂದ ಮೇಲೆ ಚೀಲ ಬೇಕು. ಅವನ ಲೆಕ್ಕ ಅಷ್ಟೇ.

ಹಾವೇರಿಯಲ್ಲಿ ಬಾಡಿಗೆಯ ಮೆಟಾಡೋರ್ ನಿಂತಿತ್ತು. ಹನ್ನೆರಡು ಮಂದಿ ಶಿಕ್ಷಕರು. ಮುಂದಾಳು ನಿವೃತ್ತಿಗೆ ಬಂದ ಒಬ್ಬ ಹೆಡ್‌ಮೇಡಂ. ಕೊಡೆ ಹಿಡಿದು ನಿಂತರೆ ನಮ್ಮ ಸರ್ ಕೂಡ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಇನ್ನೊಬ್ಬರು ಚಿತ್ರಕಲೆಯ ಮೇಷ್ಟ್ರು, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರು, ಬಾಯಿ ಸುಮ್ಮನಿರುತ್ತಿರಲಿಲ್ಲ. ಉಳಿದವರು ಇವರಿಬ್ಬರ ಹಿಂದೆ.

ಚೌಡದಾನಪುರದಲ್ಲಿ ನನ್ನ ಕಥೆ ಮುಗಿದೇ ಹೋಯಿತು ಎನಿಸಿತು. ಗುಡಿಯ ಅಂಗಳದ ಎತ್ತರದ ಶಾಸನದ ಕಲ್ಲಿನ ಮುಂದೆ ನಿಂತು ಶುರು ಮಾಡಿದೆ. ಕಲಿತದ್ದೆಲ್ಲ ತಲೆಯಲ್ಲಿ ಸಾಲಾಗಿ ನಿಂತಿತ್ತು. ಗಂಟಲಿನಿಂದ ಹೊರಗೆ ಬರುವಷ್ಟರಲ್ಲಿ ಉಸಿರಾಗುತ್ತಿತ್ತು.

"ಸ್ವಲ್ಪ ಜೋರಾಗಿ ಹೇಳಮ್ಮ" ಎಂದರು ಹೆಡ್‌ಮೇಡಂ.

ಜೋರು ಮಾಡಿದೆ. ಜೋರು ಮಾಡಿದೆ ಎಂದು ನಾನು ತಿಳಿದುಕೊಂಡೆ.

"ಗಾಳಿ ಮಾತಾಡ್ತಿದೆಯೋ ಇವರು ಮಾತಾಡ್ತಿದ್ದಾರೋ?" ಎಂದರು ಮೇಷ್ಟ್ರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಇಬ್ಬರು ನಕ್ಕರು. ಒಬ್ಬೊಬ್ಬರಾಗಿ ಜನ ಕಂಬಗಳ ಕಡೆಗೆ, ನೆರಳಿನ ಕಡೆಗೆ ಸರಿದರು. ಹೆಡ್‌ಮೇಡಂ ಮಾತ್ರ ಕೊನೆಯವರೆಗೆ ನನ್ನ ತುಟಿಗಳನ್ನೇ ನೋಡುತ್ತ ನಿಂತರು.

ಮೆಟಾಡೋರ್ ಹತ್ತುವಾಗ ಸರ್ ನನ್ನನ್ನು ಪಕ್ಕಕ್ಕೆ ಕರೆದರು. "ಓದಿ ಬಂದೀ ಅನ್ನೂದು ನನಗ ಗೊತ್ತೈತಿ. ಅವರಿಗೆ ಗೊತ್ತಾಗಬೇಕಲ್ಲವಾ? ಗಳಗನಾಥದಾಗೂ ಹಿಂಗಽ ಆದ್ರ ನಾ ಏನೂ ಮಾಡಾಕ ಬರೂದಿಲ್ಲ."

ದೊಡ್ಡಪ್ಪ ಅಲ್ಲೇ ನಿಂತಿದ್ದ. ಚೀಲವನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು ಮೆಟಾಡೋರ್ ಹತ್ತಿದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಗಳಗನಾಥ ಮುಟ್ಟಿದಾಗ ಬಿಸಿಲು ಏರಿತ್ತು. ಮೊದಲು ಈಜು, ಆಮೇಲೆ ಊರಿನ ಒಂದು ಮನೆಯಲ್ಲಿ ಹೇಳಿಟ್ಟಿದ್ದ ಊಟ, ಆಮೇಲೆ ಗುಡಿ ಎಂದು ಗುಂಪಿನವರೇ ತೀರ್ಮಾನ ಮಾಡಿದರು. ನನಗೂ ಅದೇ ಬೇಕಿತ್ತು. ಬಾಯಿ ತೆರೆಯುವ ಗಳಿಗೆ ಅಷ್ಟು ದೂರ ಹೋಯಿತಲ್ಲ. ಎಲ್ಲರೂ ಟವೆಲು, ಅಂಗಿ, ಸೀರೆ ಕೈಯಲ್ಲಿ ಹಿಡಿದುಕೊಂಡು ಇಳಿಯುವುದನ್ನು ಕಂಡು ದೊಡ್ಡಪ್ಪನಿಗೆ ಕೆಲಸ ಸಿಕ್ಕಿತು. ಚೀಲದ ಬಾಯಿ ಅಗಲಿಸಿ ಹಿಡಿದ.

"ಕೊಡ್ರಿ ಇಲ್ಲೆ. ದಂಡಿ ಮ್ಯಾಲೆ ಉಸುಕು, ಕೈಯಾಗ ಎಷ್ಟಂತ ಹಿಡೀತೀರಿ? ಚೀಲ ಸ್ವಚ್ಛ ಐತ್ರಿ. ಕೈ ಸೋಲೂ ಮಟ ಝಾಡಿಸೀನಿ."

ಎಲ್ಲರ ಟವೆಲೂ ಅದರೊಳಗೆ ಹೋದವು. ದೊಡ್ಡಪ್ಪ ಅವನ್ನು ಮೆಣಸಿನಕಾಯಿ ತುಂಬಿದ ಹಾಗೆಯೇ ಮೊಣಕೈಯಿಂದ ಒತ್ತಿ ಒತ್ತಿ ತುಂಬಿದ, ಬಾಯಿ ಕಟ್ಟಿ ಹೆಗಲಿಗೆ ಹಾಕಿಕೊಂಡ. ದಾರಿಯಲ್ಲಿ ಅವನ ಹಿಂದೆ ನಡೆಯುತ್ತಿದ್ದ ಚಿತ್ರಕಲೆಯ ಮೇಷ್ಟ್ರು ಒಂದೇ ಸಮನೆ ಸೀನಿದರು. "ನಿಮ್ಮೂರಿನ ಗಾಳಿಗೆ ನೆಗಡಿ ಆಯ್ತು ನೋಡಿ" ಎಂದರು. ಬಿಸಿಲಿಗೆ ಇರಬೇಕು ಎಂದೆ ನಾನು. ನನಗಾಗಲಿ ದೊಡ್ಡಪ್ಪನಿಗಾಗಲಿ ಆ ಚೀಲದಲ್ಲಿ ಯಾವ ವಾಸನೆಯೂ ಬರಲಿಲ್ಲ. ಮೆಣಸಿನಕಾಯಿ ಘಾಟು ಬ್ಯಾಡಗಿಯವರ ಮೂಗಿಗೆ ಬಡಿಯುವುದು ನಿಂತು ಎಷ್ಟೋ ಕಾಲವಾಗಿರುತ್ತದೆ.

ಬೇಸಿಗೆಯ ಹೊಸ್ತಿಲು, ಹೊಳೆ ಇಳಿದಿತ್ತು. ಬಂಡೆಗಳ ನಡುವೆ ಅಲ್ಲಲ್ಲಿ ನೀರು ನಿಂತು ಮಡುಗಳಾಗಿದ್ದವು. ದಂಡೆಯ ಕಡೆಯದು ಮೊಣಕಾಲುದ್ದ, ತಳದ ಹರಳು ಕಾಣುವಷ್ಟು ತಿಳಿ. ಆಚೆಯದು ಹಸಿರುಗಪ್ಪು, ಆಳ. ಊರಿನವರು ತೋರಿಸಿಕೊಟ್ಟ ಗುರುತಿನಿಂದ ಮುಂದೆ ಹೋಗಬಾರದೆಂದು ಸರ್ ಗಟ್ಟಿಯಾಗಿ ಹೇಳಿದರು. ಅದನ್ನು ಹೇಳಬೇಕಾದವಳು ನಾನು.

ಗಂಡಸರು ಆಳದ ಮಡುವಿಗೆ ಧುಮುಕಿದರು. ಹೆಂಗಸರು ಈಚೆಯ ನೀರಿನಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಕುಳಿತರು. ಹೆಡ್‌ಮೇಡಂ ಕೊಡೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಬಿಗಿದು, ಸದ್ದಿಲ್ಲದೆ ಆಚೆಯ ಮಡುವಿಗಿಳಿದು ಆಮೆಯ ಹಾಗೆ ಈಜತೊಡಗಿದರು. ಚಿಕ್ಕವರಿದ್ದಾಗ ಕಾವೇರಿಯಲ್ಲಿ ಕಲಿತದ್ದಂತೆ. ದೊಡ್ಡಪ್ಪ ಬಂಡೆಯ ಮೇಲೆ ಚೀಲ ಕಾಯುತ್ತ ಕುಳಿತವನು ಕಣ್ಣು ಪಿಳುಕಿಸದೆ ನೋಡಿದ.

"ಹೆಣ್ಮಗಳು ಈಸಾಕತ್ತಾರಲ್ಲ!" ಎಂದ, ಮೆಲ್ಲಗೆ. ಆಮೇಲೆ, "ಚೊಲೋ ಈಸ್ತಾರ" ಎಂದ.

ಎಲ್ಲರೂ ಮೇಲೆ ಬಂದರು. ದೊಡ್ಡಪ್ಪ ಚೀಲ ಬಿಚ್ಚಿ ಒಂದೊಂದೇ ಟವೆಲು ಹಂಚಿದ, ಮದುವೆಯಲ್ಲಿ ಬೀಗರಿಗೆ ಆಹೇರಿನ ಬಟ್ಟೆ ಕೊಡುವ ಗತ್ತಿನಲ್ಲಿ. ಒದ್ದೆ ಮೈ, ಒದ್ದೆ ಮುಖ. ಗಸಗಸ ಒರೆಸಿಕೊಂಡರು.

ಮೊದಲು ಕೂಗಿದವರು ಮೇಷ್ಟ್ರು. ಆಮೇಲೆ ಎಲ್ಲರೂ. ಬಿಳಿ ಟವೆಲುಗಳ ಮೇಲೆ ಕೆಂಪು ಪಟ್ಟೆ ಮೂಡಿದ್ದು ಕಂಡಾಗಲೇ ನನಗೆ ಎಲ್ಲಾ ತಿಳಿಯಿತು. ಝಾಡಿಸಿದರೆ ಹೋಗುವುದು ಕಾಯಿ ಮತ್ತು ಬೀಜ. ನೂಲಿನೊಳಗೆ ಇಳಿದ ಪುಡಿ ಎಲ್ಲಿ ಹೋಗುತ್ತದೆ? ದೊಡ್ಡಪ್ಪ ಅದನ್ನು ಟವೆಲುಗಳಿಗೆ ಒತ್ತಿ ಒತ್ತಿ ತಿಕ್ಕಿದ್ದ. ಒದ್ದೆ ಚರ್ಮಕ್ಕೆ ಅದು ಹತ್ತಿದರೆ ಹೇಗಿರುತ್ತದೆಂದು ನಮ್ಮ ಓಣಿಯ ಕೂಸಿಗೂ ಗೊತ್ತು. ಒಬ್ಬರು ಕಣ್ಣಿಗೆ ಕೈ ಒಯ್ಯುತ್ತಿದ್ದರು.

"ಕಣ್ಣು ಮುಟ್ಟಬ್ಯಾಡ್ರಿ! ಯಾರೂ ಕಣ್ಣು ಮುಟ್ಟಬ್ಯಾಡ್ರಿ! ಕೈ ಕೆಳಗ ಬಿಡ್ರಿ! ಟವೆಲ್ ಒಗೀರಿ ಆ ಕಡೆ!"

ಆ ದನಿ ಎದುರಿನ ಬಂಡೆಗೆ ಬಡಿದು ಹಿಂದಕ್ಕೆ ಬಂತು. ಆಚೆ ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವನು ತಿರುಗಿ ನೋಡಿದ. ಅದು ನನ್ನದೇ ದನಿ ಎಂದು ತಿಳಿಯಲು ನನಗೂ ಒಂದು ಗಳಿಗೆ ಹಿಡಿಯಿತು. ಹನ್ನೆರಡು ಜನ ಶಿಕ್ಷಕರು, ಜೀವಮಾನವಿಡೀ ಬೇರೆಯವರಿಗೆ ಕೈ ಕಟ್ಟಿ ನಿಲ್ಲಲು ಹೇಳಿದವರು, ಕೈ ಇಳಿಬಿಟ್ಟು ಸಾಲಾಗಿ ನಿಂತರು.

"ತಿಕ್ಕಬ್ಯಾಡ್ರಿ. ಬರೇ ನೀರಾಗ ಮುಳಗಿದ್ರ ಉರಿ ಹೋಗೂದಿಲ್ಲ. ಮೊದಲ ಕೈ ತೊಳಕೊಳ್ರಿ, ಆಮ್ಯಾಲೆ ಕಣ್ಣಿಗೆ ನೀರು ಚಿಮುಕಿಸ್ರಿ. ದೊಡ್ಡಪ್ಪಾ, ಊಟಾ ಹೇಳಿದ ಮನ್ಯಾಗ ಮೊಸರಿನ ಗಡಿಗಿ ಐತಿ. ಲಗೂನ ತಗೊಂಡು ಬಾ!"

ದೊಡ್ಡಪ್ಪನಿಗೆ ನಾನು ಅಪ್ಪಣೆ ಕೊಟ್ಟದ್ದು ಅದೇ ಮೊದಲು. ಅವನು ಧೋತರ ಎತ್ತಿ ಕಟ್ಟಿ ಓಡಿದ.

ಗಡಿಗೆ ತಂದು ಇಟ್ಟವನು ಹಿಂದೆ ಸರಿಯಲಿಲ್ಲ. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಪೇಟೆಯಲ್ಲಿ ಯಾರ ಮುಂದೆಯೂ ಅವನು ರುಮಾಲು ತೆಗೆದದ್ದನ್ನು ನಾನು ಕಂಡಿಲ್ಲ.

"ಚೀಲ ನಂದರಿ" ಎಂದ. "ಹುಡುಗೀದು ಏನೂ ಇಲ್ಲ ಇದರಾಗ. ಬೈಯೂದಿದ್ರ ನನಗ ಬೈರಿ. ಅಕೀಗೆ ಒಂದು ಮಾತೂ ಅನಬ್ಯಾಡ್ರಿ."

ಒಂದು ಮಾತು ಬಂದರೆ ಕಾಲೇಜು ಅಲ್ಲಿಗೆ ಮುಗಿಯಿತು ಎಂದಿದ್ದನಲ್ಲ. ಆ ಒಂದು ಮಾತನ್ನು ಈಗ ಅವನೇ ಕೈಯೊಡ್ಡಿ ಬೇಡುತ್ತಿದ್ದ, ನನ್ನ ಮೇಲೆ ಬೀಳದ ಹಾಗೆ.

ಹೆಡ್‌ಮೇಡಂ ಅರ್ಧ ಮುಖಕ್ಕೆ ಮೊಸರು ಹಚ್ಚಿಕೊಂಡಿದ್ದರು. "ಬೈಯೋಕೂ ಬಾಯಿ ತೆಗೆಯೋ ಹಾಗಿಲ್ಲವಲ್ಲ ರೀ, ತುಟಿ ಉರೀತಿದೆ!" ಎಂದರು. ಅಷ್ಟಂದು ತಾವೇ ನಕ್ಕರು. ನಕ್ಕರೆ ಇನ್ನೂ ಉರಿಯಿತು. "ಅಯ್ಯೋ, ನಗಿಸಬೇಡಿ" ಎಂದು ಇನ್ನೂ ನಕ್ಕರು.

"ಇದು ಬ್ಯಾಡಗೀದರಿ" ಎಂದ ದೊಡ್ಡಪ್ಪ, ಸಮಾಧಾನ ಹೇಳುವವನಂತೆ. "ಬಣ್ಣ ಜಾಸ್ತಿ, ಖಾರ ಕಡಿಮಿ. ಗುಂಟೂರಿನ ಚೀಲ ತಂದಿದ್ರ ನಿಮ್ಮನ್ನ ಸೀದಾ ದವಾಖಾನಿಗೆ ಒಯ್ಯಬೇಕಾಗತಿತ್ತು."

"ಇದೇ ಕಡಿಮೆಯೇ?" ಎಂದರು ಮೇಷ್ಟ್ರು ಕಣ್ಣು ಮುಚ್ಚಿಕೊಂಡು. "ನನ್ನ ಮುಖ ಎಷ್ಟು ಕೆಂಪಗಿದೆ ನೋಡಿ ಹೇಳಿ, ಯಜಮಾನರೇ."

"ಖರೇ ಹೇಳ್ಲೇನ್ರಿ? ಪ್ಯಾಟ್ಯಾಗ ಇಟ್ರ ಒಂದನೇ ನಂಬರ್ ಮಾಲು."

ಮೊಸರು ಆರುವವರೆಗೆ ಕೂಡಬೇಕಿತ್ತು. ದಂಡೆಯಲ್ಲಿ ನೆರಳಿರಲಿಲ್ಲ. ಎಲ್ಲರನ್ನೂ ಗುಡಿಗೆ ಕರೆದೊಯ್ದೆ. ಅಲ್ಲಿ ಹೊರಗೋಡೆಗೆ ಆತುಕೊಂಡು ಕಲ್ಲಿನ ಕಟ್ಟು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಅದರ ನೆರಳಿಗೆ ಬೆಳ್ಳಗೆ ಮುಖ ಬಳಿದುಕೊಂಡವರು ಸಾಲಾಗಿ ಕುಳಿತರು. ಎದ್ದು ಹೋಗುವಂತಿಲ್ಲ, ತಿರುಗಿ ಹರಟುವಂತಿಲ್ಲ. ನಾನು ಎದುರಿಗೆ ನಿಂತೆ. ಬಿಚ್ಚಿದ ದನಿ ಇನ್ನೂ ಗಂಟಲಲ್ಲಿ ಇದೆಯೋ ಇಲ್ಲವೋ ಎಂದು ಹೆದರಿಕೆ ಇತ್ತು. ಬಾಯಿ ತೆರೆದೆ. ಇತ್ತು.

ಚಾಲುಕ್ಯರ ಕಾಲದ ಗುಡಿ ಇದು ಎಂದೆ. ವರದಾ ಬಂದು ತುಂಗಭದ್ರೆಗೆ ಕೂಡುವ ಜಾಗ ಹತ್ತಿರವೇ ಇರುವುದು, ಹೊಳೆಯ ಪಕ್ಕದ ನೆಲ ಭಾರಕ್ಕೆ ಕುಸಿಯದಿರಲೆಂದು ಈ ಮೆಟ್ಟಿಲುಗಟ್ಟನ್ನು ಕಟ್ಟಿರಬಹುದೆಂದು ನಮ್ಮ ಸರ್ ಹೇಳುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು, ಎಲ್ಲ ಹೇಳಿದೆ. ಪಾಠ ಒಪ್ಪಿಸಲಿಲ್ಲ, ನಮ್ಮೂರಿನ ಮಾತಿನಲ್ಲೇ ಹೇಳಿದೆ. ಕೊನೆಯಲ್ಲಿ ಕುಳಿತ ಹೆಡ್‌ಮೇಡಂ ಈ ಸಲ ನನ್ನ ತುಟಿ ನೋಡಲಿಲ್ಲ. ಕಣ್ಣು ಮುಚ್ಚಿಯೇ ಕೇಳಿದರು.

ಚಿತ್ರಕಲೆಯ ಮೇಷ್ಟ್ರು ಕತ್ತೆತ್ತಿ ಆ ಮೆಟ್ಟಿಲುಗಳನ್ನು ನೋಡುತ್ತಿದ್ದರು. "ಅಮೆರಿಕ ಖಂಡದ ಕಡೆ ಮಾಯಾ ಅಂತ ಹಳೇ ಜನ ಇದ್ದರು. ಅವರ ಕಲ್ಲಿನ ಕಟ್ಟಡಗಳ ಚಿತ್ರ ನೋಡಿದ್ದೀನಿ. ಹೀಗೇ ಮೆಟ್ಟಿಲು ಮೆಟ್ಟಿಲು. ಪಕ್ಕದಲ್ಲೇ ದೊಡ್ಡ ನೀರಿನ ಮಡು ಬೇರೆ."

"ಆ ಮಂದಿ ಏನ್ ಬೆಳೀತಿದ್ರರಿ?" ಎಂದು ದೊಡ್ಡಪ್ಪ ಕೇಳಿದ.

"ಮೆಕ್ಕೆಜೋಳ" ಎಂದರು ಸರ್. "ಮತ್ತ ಮೆಣಸಿನಕಾಯಿ. ನಮ್ಮ ದೇಶಕ್ಕ ಮೆಣಸಿನಕಾಯಿ ಬಂದದ್ದಽ ಆ ಕಡಿಂದ."

ದೊಡ್ಡಪ್ಪ ರುಮಾಲು ಮತ್ತೆ ಸುತ್ತಿಕೊಂಡ. "ಹಂಗಾರ ನಮಗ ಬೀಗರಾದ್ರು" ಎಂದ.

ಮೊಸರು ಇಲ್ಲದ ಊಟವಾಯಿತು ಅವತ್ತು. ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ. ಕೆಂಪು ಚಟ್ನಿಯನ್ನು ಒಬ್ಬರೂ ಮುಟ್ಟಲಿಲ್ಲ.

ರಾಣೇಬೆನ್ನೂರಿನ ಸ್ಟೇಷನ್ನಿನಲ್ಲಿ ಹೆಡ್‌ಮೇಡಂ ನಮ್ಮ ಸರ್‌ಗೆ ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ, ರೈಲು ಬಂತು. ಹತ್ತುವ ಮೊದಲು ನನ್ನ ಕಡೆ ತಿರುಗಿ, "ಬೆಳಗ್ಗೆ ಆ ಗಂಟಲನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದರು. ದೊಡ್ಡಪ್ಪನಿಗೆ ಕೈ ಮುಗಿದರು. ಅವನು ಚೀಲವನ್ನು ಬೆನ್ನ ಹಿಂದೆ ಮಾಡಿಕೊಂಡು ಒಂದೇ ಕೈ ಎತ್ತಿದ.

ಬ್ಯಾಡಗಿಯ ಬಸ್ಸಿನಲ್ಲಿ ನಾವಿಬ್ಬರೇ. ಅವನು ಕಿಟಕಿಯ ಮಗ್ಗುಲಿಗೆ ಕುಳಿತು ಹೊರಗೆ ನೋಡುತ್ತಿದ್ದ. ಕೇಳಬೇಕಾದ್ದನ್ನು ಕೇಳಿಯೇ ಬಿಟ್ಟೆ.

"ದೊಡ್ಡಪ್ಪಾ, ನಾ ಪರೀಕ್ಷಾಕ್ಕ ಕುಂದರಲ್ಯಾ?"

"ಅಷ್ಟ್ಯಾಕ ಒದರ್ತಿ? ಬಾಜೂಕ ಅದೇನಿ" ಎಂದ. ಮತ್ತೆ ಕಿಟಕಿಯ ಕಡೆ ತಿರುಗಿ, "ಮಾತು ಬಂದಿದ್ರ ನನಗ ಬರಬೇಕಿತ್ತು, ನಿನಗಲ್ಲ. ಕುಂದ್ರು" ಎಂದ.

ಕುಳಿತೆ, ಪಾಸಾದೆ. ನಮ್ಮ ಮನೆತನದ ಮೊದಲ ಪದವೀಧರೆ ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ. ಪದವಿಯ ಪತ್ರ ಆಮೇಲೆ ಅಂಚೆಯಲ್ಲಿ ಬಂತು. ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ಅದಕ್ಕಿಂತ ಮುಂಚಿನ ಒಂದು ದಿನ, ಕಾಲೇಜಿನ ವಾರ್ಷಿಕ ಗ್ಯಾದರಿಂಗ್.

ಶಾಮಿಯಾನದ ಕೆಳಗೆ ಅವ್ವ ಮತ್ತು ದೊಡ್ಡಪ್ಪ ಕಡೆಯ ಸಾಲಿನಲ್ಲಿ ಕುಳಿತಿದ್ದರು. ಮುಂದೆ ಬರಲು ಎಷ್ಟು ಕರೆದರೂ ಒಪ್ಪಲಿಲ್ಲ. ನನ್ನ ಹೆಸರು ಕರೆದರು. ಪ್ರಿನ್ಸಿಪಾಲರು ಗೈಡ್ ಕೋರ್ಸಿನ ಸರ್ಟಿಫಿಕೇಟು ಕೈಗೆ ಕೊಟ್ಟರು. ನಾನು ವೇದಿಕೆ ಇಳಿದು ಸಾಲುಗಳ ನಡುವೆ ಸೀದಾ ಹಿಂದಕ್ಕೆ ಹೋಗಿ ಅದನ್ನು ದೊಡ್ಡಪ್ಪನ ಮುಂದೆ ಹಿಡಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಈ ಸಲ ಘಾಟಿಗಲ್ಲ.

ದೊಡ್ಡಪ್ಪ ಎರಡೂ ಕೈ ಹಿಂದಕ್ಕೆ ಎಳೆದುಕೊಂಡ. ಅಂಗೈ ಮೂಸಿ ನೋಡಿದ, ಧೋತರಕ್ಕೆ ಒರೆಸಿದ, ಮತ್ತೆ ಮೂಸಿದ.

"ಬ್ಯಾಡ. ನಾ ಮುಟ್ಟಿದ್ರ ಕೆಂಪಾಗತೈತಿ" ಎಂದ. "ನೀನಽ ಹಿಡಕೊಂಡು ಓದು, ನಾ ಕೇಳ್ತೇನಿ. ಮೆಲ್ಲಕ ಬ್ಯಾಡ ಮತ್ತ. ಅವತ್ತ ಹೊಳಿ ದಂಡ್ಯಾಗ ಒದರಿದ್ಯಲ್ಲಾ, ಹಂಗ ಓದು."